ಮನೆಯ ಉಪ್ಪುನೀರಿನ ಅಕ್ವೇರಿಯಂಗೆ ಯಾವ ಟೆಸ್ಟ್ ಕಿಟ್‌ಗಳು ಬೇಕು?

ಟ್ಯಾಂಕ್ ಹೊಸದಾ? ಹಾಗಿದ್ರೆ ಸದ್ಯಕ್ಕೆ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಕಿಟ್ ಸಾಕು. ಮೀನಿಗೆ ವಿಷವಾದ ಮೊದಲೆರಡೂ ಸೊನ್ನೆಗೆ ಇಳಿಯುವ ತನಕ ದಯವಿಟ್ಟು ಮೀನು ಬಿಡಬೇಡಿ. ಉಪ್ಪಿನಂಶ ನೋಡಲು ರಿಫ್ರಾಕ್ಟೋಮೀಟರ್ ಬೇಕೇ ಬೇಕು. ಸಮುದ್ರದ ನೀರಿನ ಉಪ್ಪಿನಂಶ ಸುಮಾರು 35 ಪಿಪಿಟಿ (ಸಾವಿರದಲ್ಲಿ 35 ಭಾಗ) ಇರುತ್ತದೆ, ಅಷ್ಟೇ ಇರುವ ದ್ರಾವಣದಿಂದ ರಿಫ್ರಾಕ್ಟೋಮೀಟರನ್ನು ಆಗಾಗ ಸರಿಹೊಂದಿಸಿ.

ಸಿಹಿನೀರಿಗೆಂದೇ ಮಾಡಿದ ಕಿಟ್ ತರಬೇಡಿ, ಉಪ್ಪುನೀರಿನಲ್ಲಿ ತಪ್ಪು ರೀಡಿಂಗ್ ಬರಬಹುದು. ಪೆಟ್ಟಿಗೆಯ ಮೇಲೆ 'ಸಾಲ್ಟ್‌ವಾಟರ್' ಅಥವಾ 'ಮರೀನ್' ಅಂತ ಇದೆಯಾ ನೋಡಿ. ಅದ್ದಿ ನೋಡುವ ಸ್ಟ್ರಿಪ್ ಅಂದಾಜಿಗೆ ಮಾತ್ರ. ನಾನಂತೂ ಹನಿ ಹಾಕುವ ಕಿಟ್ಟನ್ನೇ ನಂಬುತ್ತೇನೆ.

ಹವಳ ಸಾಕುವ ಆಸೆ ಇದ್ದರೆ ಆಲ್ಕಲಿನಿಟಿ (ನೀರು ಆಮ್ಲವನ್ನು ತಡೆದುಕೊಳ್ಳುವ ಶಕ್ತಿ) ಕಿಟ್‌ಗೆ ಜಾಸ್ತಿ ದುಡ್ಡು ಹಾಕಿ. ಅದನ್ನು ಅಳೆಯುವ ಮಾನ ಡಿಕೆಎಚ್; 8ರಿಂದ 11 ಡಿಕೆಎಚ್ ನಡುವೆ ಎಲ್ಲಿದ್ದರೂ ಪರವಾಗಿಲ್ಲ, ಆದರೆ ದಿಢೀರ್ ಏರಿಳಿತ ಹವಳಕ್ಕೆ ಆಗಿಬರಲ್ಲ. ಕೆಲವು ಕಿಟ್‌ಗಳಲ್ಲಿ ಒಂದು ಹನಿ ಅಂದರೆ ಪೂರ್ತಿ 1 ಡಿಕೆಎಚ್. ಟ್ಯೂಬಿನ ನೀಲಿ ನೀರು ಒಂದೇ ಹನಿಗೆ ಹಳದಿಯಾಗುತ್ತದೆ, ಅದು 8.1 ಆಗಿತ್ತಾ 8.9 ಆಗಿತ್ತಾ ಗೊತ್ತೇ ಆಗಲ್ಲ. ಅದಕ್ಕೇ ಸಿರಿಂಜ್‌ನಿಂದ ಅಳೆಯುವ ಕಿಟ್ ಮೇಲು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಫಾಸ್ಫೇಟ್ ಕಿಟ್ ಆಮೇಲೆ ತಗೊಂಡರೂ ನಡೆಯುತ್ತದೆ.

ತರುವಾಗ ಎಕ್ಸ್‌ಪೈರಿ ದಿನಾಂಕ ನೋಡುವುದನ್ನು ಮರೆಯಬೇಡಿ. ನೈಟ್ರೇಟ್ ಬಾಟಲಿಯ ತಳದಲ್ಲಿ ಪುಡಿ ಕೂತಿದ್ದರೆ, ಸುಮ್ನೆ ಒಂದೆರಡು ಸಲ ಅಲ್ಲಾಡಿಸಿದರೆ ಸಾಲದು, ಜೋರಾಗಿ ಕುಲುಕಿ. ಇಲ್ಲದಿದ್ದರೆ ರೀಡಿಂಗ್ ಕಡಿಮೆ ತೋರಿಸುತ್ತದೆ.