ಬೋಗನ್‌ವಿಲ್ಲಾ ಬೋನ್ಸಾಯ್‌ನಲ್ಲಿ ಬರೀ ಎಲೆ, ಹೂವೇ ಇಲ್ಲ!

ಪ್ರಶ್ನೆ: ಮೇಡಂ, ಮೂರು ವರ್ಷದಿಂದ ಬಾಲ್ಕನೀಲಿ ಬೋಗನ್‌ವಿಲ್ಲಾ ಬೋನ್ಸಾಯ್ ಸಾಕ್ತಿದೀನಿ, ದಿನಾ ನೀರು ಹಾಕ್ತೀನಿ, ತಿಂಗಳಿಗೊಮ್ಮೆ ಯೂರಿಯಾನೂ ಕೊಡ್ತೀನಿ, ಆದ್ರೂ ಹೂವಿಲ್ಲ. ಕತ್ತರಿಸೋಕೆ ಭಯ. ಏನ್ ಮಾಡ್ಲಿ?
– ಓದುಗರು, ಮೈಸೂರು

ಉತ್ತರ: ನೀವು ಗಿಡಾನ ಅತಿ ಮುದ್ದು ಮಾಡಿದೀರ ಅಷ್ಟೇ! ಮೊದ್ಲು ಯೂರಿಯಾ ನಿಲ್ಲಿಸಿ, ನೈಟ್ರೋಜನ್ ಜಾಸ್ತಿ ಆದ್ರೆ ಸೊಪ್ಪು ಬೆಳೆಯತ್ತೆ, ಹೂವಲ್ಲ. ನೀರೂ ಅಷ್ಟೇ, ಮೇಲಿನ ಮಣ್ಣು ಒಣಗಿದ್ ಮೇಲೆ ಹಾಕಿ, ಎಲೆ ಚೂರು ಬಾಡಿದಂಗೆ ಕಂಡ್ರೂ ಗಾಬರಿ ಬೇಡ, ಇದಕ್ಕೆ ಸ್ವಲ್ಪ ಬಾಯಾರಿಕೆ ಆದ್ರೇನೇ ಹೂ ಬಿಡೋ ಮನಸ್ಸು ಬರೋದು (ಹಾಗಂತ ಬೇಸಿಗೇಲಿ ಪೂರ್ತಿ ಒಣಗಿಸಿಬಿಡ್ಬೇಡಿ, ಬೋನ್ಸಾಯ್ ಕುಂಡದಲ್ಲಿ ಮಣ್ಣೇ ಕಮ್ಮಿ). ನೇರ ಬಿಸಿಲು ದಿನಕ್ಕೆ 5–6 ಗಂಟೆ ಬೇಕೇ ಬೇಕು, ಬಾಲ್ಕನೀಲಿ ಸಿಗ್ದಿದ್ರೆ ಟೆರೇಸ್ ಮೇಲಿಡಿ.

ಇನ್ನು ಕತ್ತರಿ. ಹೂ ಬರೋದೇ ಹೊಸ ಚಿಗುರಲ್ಲಿ, ಹಾಗಾಗಿ ಒಂದು ಸಲದ ಹೂ ಮುಗಿದ ತಕ್ಷಣ ಉದ್ದ ಬೆಳೆದ ರೆಂಬೆಗಳಲ್ಲಿ 2–3 ಎಲೆ ಉಳಿಸಿ ಕಟ್ ಮಾಡ್ಬೇಕು. ನಿಮ್ಮದ್ರಲ್ಲಿ ಹೂವೇ ಇಲ್ವಲ್ಲ, ಈಗ್ಲೇ ಮಾಡಿ. ಮೊಗ್ಗು ಕಾಣಿಸಿದ್ ಮೇಲೆ ಮಾತ್ರ ಮುಟ್ಬೇಡಿ. ಮುಳ್ಳಿರತ್ತೆ, ಗ್ಲೌಸ್ ಹಾಕ್ಕೊಳಿ, ನಾನು ಹಾಕ್ದೆ ಅನುಭವಿಸಿದೀನಿ. ಆಕಾರ ಕೊಡೋಕೆ ತಂತಿ ಸುತ್ತೋದಾದ್ರೆ ಎಳೆ ರೆಂಬೆಗೆ ಮಾತ್ರ ಸುತ್ತಿ, ಬಲಿತದ್ದು ಪಟ್ ಅಂತ ಮುರಿಯತ್ತೆ. ಬೇರು ಬಹಳ ಸೂಕ್ಷ್ಮ, ಕುಂಡ ಬದಲಾಯಿಸೋದು 2–3 ವರ್ಷಕ್ಕೊಮ್ಮೆ ಸಾಕು.

ಅಂದಹಾಗೆ ನಾವು ಹೂ ಅನ್ನೋ ಆ ಬಣ್ಣದ್ದು ನಿಜಕ್ಕೂ ಎಲೆಯ ರೂಪಾನೇ, ಒಳಗಿರೋ ಪುಟ್ಟ ಬಿಳಿ ಕೊಳವೆ ಇದ್ಯಲ್ಲ, ಅದೇ ಅಸಲಿ ಹೂವು!