‘ಕಂಪ್ಲೇಂಟ್ ಕೊಟ್ರೆ ಟೀಮ್‌ನಿಂದ ತೆಗೀತಾರಾ ಮೇಡಂ?’

ಮಂಡ್ಯ ಜಿಲ್ಲೆಯ ಒಂದು ಊರು. ಶಾಲೆ ಮೈದಾನದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಕಬಡ್ಡಿ ಕಲಿಸುವ ಯುವಕರ ಸಂಘ. ಹುಡುಗಿಗೆ 16 ವರ್ಷ, ಒಳ್ಳೆಯ ರೈಡರ್. ಗುರುತು ಹತ್ತದಿರಲೆಂದು ಕೆಲವು ವಿವರ ಬದಲಿಸಿದ್ದೇನೆ.

‘ಊಟ ಸೇರ್ತಿಲ್ಲ, ದಸರಾ ಕ್ರೀಡಾಕೂಟದ ಸೆಲೆಕ್ಷನ್ ಹತ್ರ ಬಂದ್ರೂ ಪ್ರಾಕ್ಟೀಸ್‌ಗೆ ಹೋಗಲ್ಲ ಅಂತಾಳೆ’ ಎಂದು ತಾಯಿ ನನ್ನ ಬಳಿ ಸಮಾಲೋಚನೆಗೆ ಕರೆತಂದಿದ್ದರು. ಅವರನ್ನು ಹೊರಗೆ ಕೂರಿಸಿದ ಮೇಲೆ ಹುಡುಗಿ ಫೋನ್ ತೆಗೆದು ನನ್ನ ಕೈಗಿತ್ತಳು. ಕೋಚ್ ಕಳಿಸಿದ ಮೆಸೇಜುಗಳು, ಎಲ್ಲವೂ ರಾತ್ರಿ ಹನ್ನೊಂದರ ನಂತರದವು. ‘ಮಲಗಿದ್ಯಾ?’ ‘ಡಿಪಿ ಸೂಪರ್.’ ‘ಮನೇಲಿ ಹೇಳ್ಬೇಡ.’ ನಡುನಡುವೆ ಅಳಿಸಿದ ಮೆಸೇಜುಗಳ ಗುರುತು. ಪ್ರತಿ ಸಲವೂ ಇವಳು ‘ಗುಡ್ ನೈಟ್ ಸರ್’ ಎಂದು ಕೈಮುಗಿದ ಚಿತ್ರ ಹಾಕಿ ಮುಗಿಸಲು ನೋಡಿದ್ದಾಳೆ, ಆತ ಮತ್ತೆ ಶುರು ಮಾಡಿದ್ದಾನೆ. ಮಂಡಿ ನೋವಿಗೆ ಮಸಾಜ್ ಮಾಡುತ್ತೇನೆಂದು ಮ್ಯಾಟ್ ಇಡುವ ಕೋಣೆಗೆ ಒಬ್ಬಳನ್ನೇ ಕರೆದದ್ದು, ಅಲ್ಲಿ ಮುಟ್ಟಿದ್ದು, ಆಮೇಲೆ ಬಾಯಿಗೆ ಬಂತು.

ಇದನ್ನು ಗುಟ್ಟಾಗಿಡಲು ನನಗೆ ಆಗದು ಎಂದು ಅವಳಿಗೆ ಆಗಲೇ ಹೇಳಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ, 18 ತುಂಬದವರ ಮೇಲೆ ಇಂಥದ್ದು ನಡೆದಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಅವಳು ಅಳಲಿಲ್ಲ. ‘ಕಂಪ್ಲೇಂಟ್ ಕೊಟ್ರೆ ಟೀಮ್‌ನಿಂದ ತೆಗೀತಾರಾ ಮೇಡಂ?’ ಎಂದಷ್ಟೇ ಕೇಳಿದಳು.

ಆ ಭಯ ಸುಳ್ಳಲ್ಲ. ತಾಯಿ ಮಾತಾಡಿಸಿದಾಗ ಸಂಘದ ಅಧ್ಯಕ್ಷರು ಹೇಳಿದ್ದು ಹೀಗೆ: ‘ನಾವೇ ಕೂತು ಬಗೆಹರಿಸ್ತೀವಿ, ಅಲ್ಲಿವರೆಗೆ ಹುಡುಗೀನ ಕಳಿಸ್ಬೇಡಿ. ಅವಳೂ ರಿಪ್ಲೈ ಮಾಡಿದ್ದಾಳಲ್ಲಾ.’ ಆ ‘ಗುಡ್ ನೈಟ್ ಸರ್’ ಅವರಿಗೆ ಸಲಿಗೆಯಾಗಿ ಕಂಡಿತ್ತು! ಮನೆಯಲ್ಲಿ ಕೂರಬೇಕಾದವನು ಕೋಚ್. ತನಿಖೆ ಮುಗಿಯುವವರೆಗೆ ಆತ ಮೈದಾನಕ್ಕೆ ಕಾಲಿಡಬಾರದು, ಹುಡುಗಿ ಆಡಬೇಕು. ಅಧ್ಯಕ್ಷರಿಗೆ ಇದನ್ನೇ ಹೇಳಿದೆ. ತನ್ನ ಕೈಕೆಳಗಿನವನ ಅಪರಾಧ ತಿಳಿದೂ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ 1 ವರ್ಷದವರೆಗೆ ಜೈಲು ಎಂಬ 21ನೇ ಕಲಮನ್ನು ಓದಿ ಹೇಳಿದ ಮೇಲೆ ಪಂಚಾಯ್ತಿಯ ಮಾತು ನಿಂತಿತು.

ತಂದೆಗೆ ಹೇಳಬೇಕಾದದ್ದು ಬೇರೆಯೇ ಇತ್ತು. ‘ಅವನ ಕಾಲು ಮುರೀತೀನಿ’ ಎಂದು ಎದ್ದು ನಿಂತಿದ್ದರು. ನೀವು ಕೈ ಮಾಡಿದರೆ ಕೇಸು ನಿಮ್ಮ ಮೇಲಾಗುತ್ತದೆ, ಮಗಳ ವಿಷಯ ಹಿಂದೆ ಬೀಳುತ್ತದೆ ಎಂದೆ. ಕೋಚ್‌ಗೆ ಫೋನ್ ಮಾಡಿ ಬೈಯುವುದೂ ಬೇಡ, ಆತ ಉಳಿದ ಮೆಸೇಜುಗಳನ್ನೂ ಅಳಿಸಿಯಾನು. ಚಾಟ್ ಹಾಗೇ ಇರಲಿ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ಬ್ಲಾಕ್ ಮಾಡುವುದು ಆಮೇಲೆ.

ಠಾಣೆ ಮೆಟ್ಟಿಲು ಹತ್ತಿಸಿ ಮಗಳ ಹೆಸರು ಕೆಡಿಸಲೇ ಎಂದು ತಾಯಿಯ ಸಂಕಟ. ಆದರೆ ಕಾಯ್ದೆ ಪ್ರಕಾರ ಪೊಲೀಸರು ಮಗುವಿನ ಹೇಳಿಕೆಯನ್ನು ಮನೆಯಲ್ಲೋ, ಅವಳು ಬಯಸಿದ ಜಾಗದಲ್ಲೋ ಪಡೆಯಬೇಕು. ಸಾಧ್ಯವಾದ ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರ ತೊಟ್ಟಿರಬಾರದು. ಹೆಸರು, ಫೋಟೊ, ಶಾಲೆ ಯಾವುದನ್ನೂ ಮಾಧ್ಯಮದವರು ಬಯಲು ಮಾಡುವಂತಿಲ್ಲ. ಇದು ತಿಳಿದ ಮೇಲೆ ತಾವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರು. ಪೊಲೀಸರಿಗೆ ನಾನೂ ಲಿಖಿತವಾಗಿ ತಿಳಿಸಿದೆ.

ಸಂಘ ಈಗ ಒಂದಿಷ್ಟು ನಿಯಮ ಬರೆದುಕೊಂಡಿದೆ. ಮಕ್ಕಳಿಗೆ ವೈಯಕ್ತಿಕ ಮೆಸೇಜು ಇಲ್ಲ, ಪೋಷಕರಿರುವ ಗ್ರೂಪ್‌ನಲ್ಲಿ ಮಾತ್ರ. ಮಸಾಜ್ ಬೇಕಾದರೆ ಎಲ್ಲರೆದುರು, ಇನ್ನೊಬ್ಬ ಹಿರಿಯರು ಇದ್ದಾಗ. ಮೈಸೂರಿಗೆ ಪಂದ್ಯಕ್ಕೆ ಹೋದರೆ ಹುಡುಗಿಯರ ಜೊತೆ ಒಬ್ಬ ಮಹಿಳೆ. ಕೋಚ್‌ನ ಬೈಕ್ ಹತ್ತುವಂತಿಲ್ಲ. ದೂರು ಕೇಳಲು ಸಂಘದ ಹೊರಗಿನ ಒಬ್ಬರಿರಲಿ ಎಂದಿದ್ದೆ, ಅದಕ್ಕೆ ಇನ್ನೂ ಒಪ್ಪಿಲ್ಲ. ನನ್ನ ಪ್ರಕಾರ ಉಳಿದೆಲ್ಲಕ್ಕಿಂತ ಮುಖ್ಯವಾದದ್ದು ಅದೇ, ಅಧ್ಯಕ್ಷರಿಗೂ ಕೋಚ್‌ಗೂ ನೆಂಟಸ್ತಿಕೆ ಇರುವ ಊರಿನಲ್ಲಂತೂ.

ಹುಡುಗಿ ಪ್ರಾಕ್ಟೀಸ್‌ಗೆ ಮರಳಿದ್ದಾಳೆ, ನನ್ನ ಬಳಿಗೂ ಬರುತ್ತಿದ್ದಾಳೆ. ಅದೇ ತಂಡದ, 18 ದಾಟಿದ ಇಬ್ಬರು ತಮಗೂ ಇಂಥ ಮೆಸೇಜು ಬಂದಿದ್ದವು ಎಂದು ಈಗ ಹೇಳಿದ್ದಾರೆ. 18 ತುಂಬಿದ ಮೇಲೆ ಬಂದ ಮೆಸೇಜುಗಳಿಗೆ ಪೋಕ್ಸೊ ಅನ್ವಯಿಸದು. ಆದರೆ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಕ್ರೀಡಾಂಗಣ, ತರಬೇತಿ ಜಾಗವೂ ಕೆಲಸದ ಸ್ಥಳವೇ. ಸಂಘದಲ್ಲಿ ಇಂಥ ದೂರು ಕೇಳುವ ಸಮಿತಿ ಇಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ, ಕಿರುಕುಳ ನಡೆದ 3 ತಿಂಗಳೊಳಗೆ ಬರೆದು ಕೊಡಬಹುದು. ಪೊಲೀಸ್ ದೂರಿನ ದಾರಿಯೂ ತೆರೆದೇ ಇದೆ. ಅರ್ಜಿ ಬರೆಯಲು ಇಬ್ಬರೂ ಮುಂದಿನ ವಾರ ಬರುತ್ತಾರೆ.