ಮುಟ್ಟಿನ ತಾರೀಖು, ಮಂಗಳವಾರದ ರಜೆ

ಪ್ರಶ್ನೆ: ನನಗೆ 29, ಯಜಮಾನರಿಗೆ 34. ಮಗುವಿಗಾಗಿ ಹದಿಮೂರು ತಿಂಗಳಿಂದ ಕಾಯುತ್ತಿದ್ದೇವೆ. ಅವರು ಬೆಂಗಳೂರಿನ ಅಯ್ಯಂಗಾರ್ ಬೇಕರಿಯೊಂದರಲ್ಲಿ ಭಟ್ಟಿ ಮುಂದೆ ಕೆಲಸ ಮಾಡುತ್ತಾರೆ. ಹದಿನೈದು ದಿನಕ್ಕೊಮ್ಮೆ ಮಂಗಳವಾರ ಊರಿಗೆ ಬರುತ್ತಾರೆ. ನನಗೆ ಮೂರು ಸಲ ಸ್ಕ್ಯಾನ್ ಆಯಿತು, ಥೈರಾಯ್ಡ್ ನೋಡಿದರು, ಎಲ್ಲ ಸರಿಯಿದೆ. ಅತ್ತೆ ಅಶ್ವತ್ಥಕಟ್ಟೆ ಸುತ್ತಿಸುತ್ತಿದ್ದಾರೆ. ಊಟದಲ್ಲಿ ಏನು ಬದಲಿಸಲಿ?
– ಹೆಸರು ಬೇಡ, ಚನ್ನರಾಯಪಟ್ಟಣ

ಉತ್ತರ: ಊಟದ ಮಾತು ಆಮೇಲೆ. ‘ಬೇಕಾದರೆ ನೋಡಿ’ ಎಂದು ಸಂಕೋಚದಿಂದ ಸೇರಿಸಿದ್ದೀರಲ್ಲ, ಆ ಚೀಟಿಯನ್ನೇ ನಾನು ಮೊದಲು ಓದಿದ್ದು. ಮುಟ್ಟಾಗಿದ್ದು ಜೂನ್ 3, ಜುಲೈ 5, ಆಗಸ್ಟ್ 6, ಸೆಪ್ಟೆಂಬರ್ 7. ಅಳೆದಿಟ್ಟ ಹಾಗೆ 32 ದಿನ. ಅವರು ಬಂದದ್ದು ಜೂನ್ 11, 25, ಜುಲೈ 9, 30, ಆಗಸ್ಟ್ 13, 27. ನಡುವೆ ಒಂದು ಸಲ, ಜೊತೆಗಿದ್ದ ಹುಡುಗ ಕೆಲಸ ಬಿಟ್ಟನೆಂದು ರಜೆ ಸಿಗಲಿಲ್ಲ.

ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಅದು ಬದುಕುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಒಳಗೆ ಐದು ದಿನದವರೆಗೂ ಕಾಯಬಲ್ಲದು. ಹಾಗಾಗಿ ಬಸಿರಾಗುವ ಅವಕಾಶ ತಿಂಗಳಿಗೆ ಆರು ದಿನ ಅಷ್ಟೇ. ನಿಮ್ಮ ಲೆಕ್ಕದಲ್ಲಿ ಜೂನ್ 16ರಿಂದ 21, ಜುಲೈ 18ರಿಂದ 23, ಆಗಸ್ಟ್ 19ರಿಂದ 24. ಈಗ ಅವರು ಬಂದ ಮಂಗಳವಾರಗಳನ್ನು ಪಕ್ಕದಲ್ಲಿಟ್ಟು ನೋಡಿ. ಒಂದೂ ಒಳಗೆ ಬೀಳುವುದಿಲ್ಲ! ಈ ಮೂರು ತಿಂಗಳು ಪ್ರಯತ್ನದ ಲೆಕ್ಕಕ್ಕೇ ಬರಲಿಲ್ಲ ತಾಯಿ. ಅದಕ್ಕೂ ಮುಂಚಿನ ತಿಂಗಳುಗಳ ಕಥೆಯೂ ಹೀಗೇ ಇದ್ದರೆ ನನಗೆ ಆಶ್ಚರ್ಯವಿಲ್ಲ.

ಹಬ್ಬಕ್ಕೆಂದು ಕೂಡಿಟ್ಟ ರಜೆಯನ್ನು ಈ ಸಲ ಮುಟ್ಟಿನ ಲೆಕ್ಕಕ್ಕೆ ಕೇಳಲಿ. ಅಕ್ಟೋಬರ್ 9ಕ್ಕೆ ಮುಟ್ಟಾದರೆ 22ರಿಂದ 27ರವರೆಗೆ ಅವರು ಮನೆಯಲ್ಲಿರಲಿ. ದಿನ ಬಿಟ್ಟು ದಿನ ಸೇರಿದರೆ ಸಾಕು. ನೀವೇ ಬೆಂಗಳೂರಿಗೆ ಹೋಗೋಣವೆಂದರೆ ಬೇಕರಿ ಹಿಂದಿನ ಕೋಣೆಯಲ್ಲಿ ಇನ್ನೂ ನಾಲ್ಕು ಹುಡುಗರಿದ್ದಾರೆ ಎಂದು ಬರೆದಿದ್ದೀರಿ. ಒಂದು ವಾರ ನೆಂಟರ ಮನೆ ಸಿಗುತ್ತದೆಯೇ ನೋಡಿ.

ಎರಡನೆಯದು. ನಿಮಗೆ ಮೂರು ಸ್ಕ್ಯಾನ್ ಆಗಿದೆ, ಅವರನ್ನು ಯಾರೂ ಏನೂ ಕೇಳಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ವೀರ್ಯ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ, ಖರ್ಚೂ ಕಡಿಮೆ. ಎರಡರಿಂದ ಏಳು ದಿನ ಸಂಪರ್ಕವಿಲ್ಲದೆ ಇದ್ದು, ಲ್ಯಾಬಿನಲ್ಲೇ ಮಾದರಿ ಕೊಡಬೇಕು. ವೀರ್ಯಾಣುಗಳ ಸಂಖ್ಯೆ ಒಂದು ಎಂ.ಎಲ್.ಗೆ 1.6 ಕೋಟಿಗಿಂತ ಕಡಿಮೆ ಬಂದರೆ ಗಾಬರಿ ಬೇಡ, ಮತ್ತೊಮ್ಮೆ ಮಾಡಿಸಿ.

ಭಟ್ಟಿಯ ವಿಷಯವನ್ನು ನೀವು ಹಾಗೇ ಹೇಳಿ ಮುಂದೆ ಹೋಗಿದ್ದೀರಿ, ನಾನು ಅಲ್ಲಿ ನಿಂತೆ. ವೃಷಣಗಳಿಗೆ ಮೈಗಿಂತ ಎರಡು-ಮೂರು ಡಿಗ್ರಿ ತಂಪು ಬೇಕು. ಹೊರಗೆ ಇರುವುದೇ ಅದಕ್ಕೆ. ಬೆಳಗಿನ ಜಾವ ಮೂರಕ್ಕೆ ಎದ್ದು ಬ್ರೆಡ್ಡಿನ ತಟ್ಟೆ ಒಳಗೆ ತಳ್ಳುತ್ತಾ ಬಿಸಿಗೆ ಸೊಂಟ ಕೊಟ್ಟು ನಿಲ್ಲುವವರಿಗೆ ಆ ತಂಪು ಎಲ್ಲಿ? ಸಂಖ್ಯೆ ಕುಗ್ಗಬಹುದು. ಕೆಲಸ ಬಿಡಿ ಎನ್ನುತ್ತಿಲ್ಲ. ಕೆಲವು ತಿಂಗಳು ಹಿಟ್ಟು ಕಲಸುವ ಕಡೆಗೋ ಕೌಂಟರಿಗೋ ಹಾಕಲು ಮಾಲೀಕರನ್ನು ಕೇಳಲಿ. ಬಿಗಿ ಜೀನ್ಸ್ ಬದಲು ಸಡಿಲ ಹತ್ತಿಯ ಪ್ಯಾಂಟು ಹಾಕಲಿ. ನಿದ್ದೆ ತಡೆಯಲು ಹಾಕುತ್ತಾರೆ ಎಂದಿರಲ್ಲ ಗುಟ್ಕಾ, ಅದು ಪೂರ್ತಿ ನಿಲ್ಲಲಿ. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಇವತ್ತು ಬಿಟ್ಟರೆ ಅದರ ಫಲ ಕಾಣುವುದು ಮೂರು ತಿಂಗಳ ಮೇಲೆ. ಹದಿನೈದು ದಿನಕ್ಕೇ ಪರೀಕ್ಷೆ ಮಾಡಿಸಿ ನಿರಾಶರಾಗಬೇಡಿ.

ಇನ್ನು ನೀವು. ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ದಿನಕ್ಕೊಂದು, ಇವತ್ತಿನಿಂದಲೇ. ಅದು ಬಸಿರಾಗಲಿ ಎಂದಲ್ಲ, ಮಗುವಿನ ಬೆನ್ನುಹುರಿಗೆ. ಐದಡಿ ಎರಡಿಂಚಿಗೆ 68 ಕಿಲೋ ಸ್ವಲ್ಪ ಹೆಚ್ಚು. ಮುಟ್ಟು ಸರಿಯಿರುವುದರಿಂದ ಚಿಂತೆಯಿಲ್ಲ, ಆದರೂ ಮೂರು-ನಾಲ್ಕು ಕಿಲೋ ಇಳಿದರೆ ಬಸಿರಿನಲ್ಲಿ ಸಕ್ಕರೆ, ರಕ್ತದೊತ್ತಡದ ಭಯ ಕಡಿಮೆ. ಅವರು ತರುವ ಹನಿ ಕೇಕನ್ನು ಅತ್ತೆಯೊಂದಿಗೆ ಹಂಚಿಕೊಳ್ಳಿ. ಅಶ್ವತ್ಥಕಟ್ಟೆ ಬಿಡಬೇಡಿ, ಅರ್ಧ ಗಂಟೆ ಬಿರುಸಾಗಿ ಸುತ್ತಿ.

ಆರು ತಿಂಗಳು ಹೀಗೆ ನಡೆದೂ ಆಗದಿದ್ದರೆ ಅಥವಾ ಅವರ ವರದಿ ಎರಡನೇ ಸಲವೂ ಕಡಿಮೆ ಬಂದರೆ, ಇಬ್ಬರೂ ಒಟ್ಟಿಗೆ ವೈದ್ಯರ ಮುಂದೆ ಕೂರಬೇಕು.

ಪ್ರಶ್ನೆ: ವಯಸ್ಸು 31. ಜಿಮ್ ತರಬೇತುದಾರ ಹೇಳಿದನೆಂದು ಆರು ತಿಂಗಳಿಂದ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ. ಗಂಡಸುತನದ ಹಾರ್ಮೋನ್ ತಾನೇ, ಮಕ್ಕಳಾಗಲು ಒಳ್ಳೆಯದಲ್ಲವೇ?
– ಎಸ್., ದಾವಣಗೆರೆ

ಉತ್ತರ: ತದ್ವಿರುದ್ಧ. ಹೊರಗಿನಿಂದ ಬಂದರೆ ‘ಸಾಕಷ್ಟಿದೆ’ ಎಂದುಕೊಂಡು ಮೆದುಳು ವೃಷಣಗಳಿಗೆ ಆಜ್ಞೆ ಕೊಡುವುದನ್ನೇ ನಿಲ್ಲಿಸುತ್ತದೆ. ತೋಳು ದಪ್ಪಗಾಗುತ್ತದೆ, ವೀರ್ಯಾಣು ಸೊನ್ನೆಗಿಳಿಯಬಹುದು. ನಿಲ್ಲಿಸಿದ ಮೇಲೆ ಬಹುತೇಕರಲ್ಲಿ ಮರಳಿ ಬರುತ್ತದೆ, ಆದರೆ ಕೆಲವು ತಿಂಗಳು, ಕೆಲವರಿಗೆ ವರ್ಷವೂ ಹಿಡಿಯುತ್ತದೆ. ಮುಂದಿನ ಡೋಸ್ ಬೇಡ. ಸೀಸೆಯನ್ನು ಜೇಬಿನಲ್ಲಿಟ್ಟುಕೊಂಡು ಎಂಡೋಕ್ರಿನಾಲಜಿಸ್ಟ್ (ಹಾರ್ಮೋನ್ ತಜ್ಞರು) ಹತ್ತಿರ ಹೋಗಿ, ಅದರಲ್ಲಿ ಏನಿದೆಯೆಂದು ಅವರೇ ಓದಿಕೊಳ್ಳಲಿ.